ಸ್ವಂತ ದುಡ್ಡಿನ ಮೊದಲ ಆಲ್ಬಮ್: ಸ್ಟುಡಿಯೋದ ಗಂಟೆಗಳು ಎಲ್ಲಿ ಹೋಗುತ್ತವೆ

ಸ್ವಂತ ದುಡ್ಡು ಹಾಕಿ ಮೊದಲ ಆಲ್ಬಮ್ ಮಾಡಲು ಹೊರಟವರು ಮೊದಲು ವಿಚಾರಿಸುವುದು ಸ್ಟುಡಿಯೋ ಬಾಡಿಗೆ ಗಂಟೆಗೆ ಎಷ್ಟು ಎಂದು. ಕೇಳಬೇಕಾದ ಪ್ರಶ್ನೆಯೇ. ಆದರೆ ಲೆಕ್ಕ ಹಳ್ಳ ಹಿಡಿಯುವುದು ದರದಿಂದ ಕಡಿಮೆ, ಗಂಟೆಗಳ ಅಂದಾಜು ತಪ್ಪುವುದರಿಂದಲೇ ಹೆಚ್ಚು. ಎರಡನೇ ಚರಣ ಮುಗಿದ ಮೇಲೆ ಬರುವ ವಾದ್ಯದ ಬಿಟ್ ನಾಲ್ಕು ಬಾರ್ (ತಾಳದ ಸುತ್ತು) ಇರಬೇಕೋ ಎಂಟೋ, ಕೊನೆಯ ಪಲ್ಲವಿ ಎರಡು ಸಲವೋ ಮೂರು ಸಲವೋ, ಶ್ರುತಿ ಅರ್ಧ ಸ್ವರ ಇಳಿಸಿದರೆ ಹೇಗೆ ಎಂಬುದೆಲ್ಲ ಮನೆಯಲ್ಲಿ ಕೂತು ಪುಕ್ಕಟೆ ತೀರ್ಮಾನಿಸಬಹುದಾದ ಸಂಗತಿ. ಅದನ್ನೇ ಸ್ಟುಡಿಯೋದೊಳಗೆ ಚರ್ಚೆಗೆ ಎತ್ತಿಕೊಂಡರೆ ಎಂಜಿನಿಯರ್ ಕಾಯುತ್ತಾನೆ, ಡ್ರಮ್ಮರ್ ಕೋಲು ಕೆಳಗಿಟ್ಟು ಫೋನ್ ನೋಡುತ್ತಾನೆ, ಮೀಟರ್ ಮಾತ್ರ ನಿಲ್ಲುವುದಿಲ್ಲ. ಸ್ಟುಡಿಯೋದಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಅಲ್ಲಿ ಮಾತ್ರ ಸಿಗುವುದನ್ನು: ಒಳ್ಳೆಯ ಕೋಣೆ, ಒಳ್ಳೆಯ ಮೈಕು, ಅದನ್ನು ಎಲ್ಲಿಡಬೇಕೆಂದು ಬಲ್ಲ ಕೈ, ದಣಿಯದ ಕಿವಿ. ಉಳಿದದ್ದು ಹೊರಗೇ ಮುಗಿದಿರಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಎಂಟು ಹಾಡು, ಡ್ರಮ್ಸ್, ಬೇಸ್, ಗಿಟಾರ್, ಕೀಬೋರ್ಡ್, ಗಾಯನ. ಚೆನ್ನಾಗಿ ತಾಲೀಮು ಮಾಡಿದ ತಂಡವೆಂದೇ ಇಟ್ಟುಕೊಂಡರೂ ಪ್ರತಿ ಹಾಡಿಗೆ ಡ್ರಮ್ಸ್ ಒಂದೂವರೆ ಗಂಟೆ, ಬೇಸ್ ಒಂದು ಗಂಟೆ, ಗಿಟಾರ್‌ಗಳೆಲ್ಲ ಸೇರಿ ಎರಡೂವರೆ, ಕೀಬೋರ್ಡ್ ಒಂದು, ಮುಖ್ಯ ದನಿ ಮತ್ತು ಸಹದನಿಗಳು ನಾಲ್ಕು. ಅಲ್ಲಿಗೆ ಹತ್ತು ಗಂಟೆ. ಟೇಕ್‌ಗಳನ್ನು, ಅಂದರೆ ಒಂದೇ ಭಾಗವನ್ನು ಮತ್ತೆ ಮತ್ತೆ ನುಡಿಸಿ ಹಿಡಿದವನ್ನು, ಆರಿಸಿ ಜೋಡಿಸುವುದು, ಸ್ವರ ಸರಿಪಡಿಸುವುದು, ಸದ್ದುಗಳನ್ನು ಒರೆಸುವುದು ಎಂದು ಇನ್ನು ಮೂರೂವರೆ. ಎಲ್ಲ ವಾದ್ಯ, ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸ್‌ಗೆ ಒಂದು ಪೂರ್ತಿ ದಿನ, ಅಂದರೆ ಸುಮಾರು ಒಂಬತ್ತು ಗಂಟೆ. ಒಟ್ಟು 22.5 ಗಂಟೆ, ಎಂಟು ಹಾಡಿಗೆ 180. ಡ್ರಮ್ಸ್ ಕೂರಿಸಿ, ಮೈಕ್ ಇಟ್ಟು, ಸದ್ದು ಹೊಂದಿಸಲು ಆರಂಭದಲ್ಲಿ ಹಿಡಿಯುವ ಮೂರು ನಾಲ್ಕು ಗಂಟೆ ಇದರಲ್ಲಿ ಸೇರಿಲ್ಲ, ಮಿಕ್ಸ್ ಆದ ಹಾಡುಗಳಿಗೆ ಬಿಡುಗಡೆಗೆ ಮುಂಚೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಸೇರಿಲ್ಲ. ಎಷ್ಟೇ ಎಚ್ಚರದಿಂದ ಅಂದಾಜಿಸಿದರೂ ಶೇ 15ರಿಂದ 20ರಷ್ಟು ಹೆಚ್ಚುವರಿ ಇಟ್ಟುಕೊಳ್ಳಲೇಬೇಕು. ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಒಂದಿದೆ. ರೆಕಾರ್ಡಿಂಗ್ ಮುಗಿದಾಗ ಅರ್ಧ ಕೆಲಸವೂ ಮುಗಿದಿರುವುದಿಲ್ಲ. ಬಹಳಷ್ಟು ಮೊದಲ ಆಲ್ಬಮ್‌ಗಳು ಮಿಕ್ಸ್ ಹಂತಕ್ಕೆ ಬಂದು ಅಲ್ಲೇ ಕೊಳೆಯುವುದು ಇದೇ ಕಾರಣಕ್ಕೆ. ಗಾಯನ ಮುಗಿಯುವ ಹೊತ್ತಿಗೆ ಕಿಸೆ ಬರಿದಾಗಿರುತ್ತದೆ.

ಒಟ್ಟು ಮೊತ್ತ ಕೈ ಮೀರಿದರೆ ಮೊದಲು ಕಡಿಮೆ ಮಾಡಬೇಕಾದದ್ದು ಹಾಡುಗಳನ್ನು. ಎಂಟು ಅವಸರದ ಹಾಡುಗಳಿಗಿಂತ ಐದು ಗಟ್ಟಿ ಹಾಡು ಮೇಲು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅಗ್ಗದ ಕೋಣೆ ಹುಡುಕುವುದು, ಮಿಕ್ಸ್ ದಿನ ಮೊಟಕು ಮಾಡುವುದು, ಮಾಸ್ಟರಿಂಗ್ ಬಿಟ್ಟುಬಿಡುವುದು ಎಲ್ಲವೂ ಇದರ ನಂತರದ ಮಾತು.

ಸ್ಟುಡಿಯೋಗಳು ದರ ಹೇಳುವ ರೀತಿ ಮೂರು: ಗಂಟೆಗೆ, ದಿನಕ್ಕೆ, ಹಾಡಿಗೆ. ದಿನದ ದರವೆಂದರೆ ಎಂಟು ಗಂಟೆಯೋ ಹನ್ನೆರಡೋ, ಎಂಜಿನಿಯರ್ ಸಂಬಳ ಅದರಲ್ಲಿ ಸೇರಿದೆಯೋ ಇಲ್ಲವೋ, ವಾದ್ಯ ಜೋಡಿಸುವ ಹೊತ್ತು ಲೆಕ್ಕಕ್ಕೆ ಬರುತ್ತದೆಯೋ, ಹೊತ್ತು ಮೀರಿದರೆ ಏನು, ಫೈಲ್‌ಗಳನ್ನು ಯಾವಾಗ ಕೈಗೆ ಕೊಡುತ್ತಾರೆ ಎಂಬುದನ್ನೆಲ್ಲ ಬರೆಸಿಕೊಳ್ಳಬೇಕು. ಡ್ರಮ್ಸ್‌ನಂಥ ಕೆಲಸಕ್ಕೆ ಸತತ ದಿನಗಳ ಲಾಕ್‌ಔಟ್ ಒಳ್ಳೆಯದು, ಅಂದರೆ ರಾತ್ರಿ ಬೇರೆಯವರು ಒಳಗೆ ಬರದಂತೆ ಕೋಣೆಯನ್ನು ಪೂರ್ತಿ ಹಿಡಿದುಕೊಳ್ಳುವುದು. ಕಿತ್ತು ಮರುದಿನ ಮತ್ತೆ ಇಟ್ಟ ಮೈಕ್ ಅದೇ ಜಾಗಕ್ಕೆ ಬರುವುದಿಲ್ಲ, ಮೊದಲ ದಿನದ ಹಾಡಿಗೂ ಎರಡನೇ ದಿನದ ಹಾಡಿಗೂ ಸ್ನೇರ್ (ಡ್ರಮ್ಸ್‌ನಲ್ಲಿ ಅಡಿಗೆ ತಂತಿ ಕಟ್ಟಿದ ಚೂಪು ಸದ್ದಿನ ಡ್ರಮ್) ಬೇರೆ ಬೇರೆ ಕೇಳುತ್ತದೆ. ಹಾಡಿಗಿಷ್ಟು ಎಂಬ ದರ ಮೊದಲ ಸಲದವರಿಗೆ ನೆಮ್ಮದಿ ಕೊಡುವಂತೆ ಕಾಣುತ್ತದೆ. ಆದರೆ ಅಲ್ಲಿ ಗಂಟೆಯನ್ನು ಉಳಿಸುವ ಆತುರ ಸ್ಟುಡಿಯೋದವರದ್ದಾಗುತ್ತದೆ. ಎರಡನೇ ಟೇಕ್‌ಗೇ ‘ಓಕೆ, ಮುಂದಕ್ಕೆ ಹೋಗೋಣ’ ಎಂಬ ದನಿ ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಹೊರಗೆ ಮುಗಿಯಬೇಕಾದ ಕೆಲಸ ಏನೇನು? ಮೊದಲನೆಯದು ಪ್ರತಿ ಹಾಡಿನ ನಕ್ಷೆ, ಒಂದೇ ಪುಟದಲ್ಲಿ: ಟೆಂಪೋ (ಹಾಡಿನ ವೇಗ), ಶ್ರುತಿ, ಪ್ರತಿ ಭಾಗಕ್ಕೆ ಎಷ್ಟು ಬಾರ್, ಎಲ್ಲಿ ನಿಲುಗಡೆ, ಗಿಟಾರ್‌ಗೆ ಸಿಕ್ಕಿಸುವ ಕೇಪೋ ಕ್ಲಿಪ್ ಎಷ್ಟನೇ ಫ್ರೆಟ್‌ಗೆ (ಕತ್ತಿನ ಲೋಹದ ಪಟ್ಟಿಗೆ). ತಾಲೀಮಿನಲ್ಲಿ ಫೋನನ್ನು ಮೂಲೆಯಲ್ಲಿಟ್ಟು ರೆಕಾರ್ಡ್ ಮಾಡಿ ಮರುದಿನ ಕೇಳುವುದು ಸಾಕು, ಹಾಡಿನ ಜೊಳ್ಳು ತಾನಾಗಿ ಕಾಣುತ್ತದೆ. ಟೆಂಪೋವನ್ನು ಒಂದೇ ಸಂಜೆಯ ಉತ್ಸಾಹದಲ್ಲಿ ಗಟ್ಟಿ ಮಾಡಬಾರದು. ವೇದಿಕೆಯ ಬಿಸಿಯಲ್ಲಿ 104 ಬಿಪಿಎಂ (ನಿಮಿಷಕ್ಕೆ 104 ಬಡಿತ) ಹಿತವೆನಿಸಿದ ಹಾಡಿಗೆ ಹೆಡ್‌ಫೋನಿನಲ್ಲಿ 100 ಸಾಕಾಗಬಹುದು. ಎರಡು ಬಿಪಿಎಂ ಮೇಲೆ, ಎರಡು ಕೆಳಗೆ ಇಟ್ಟು, ಸಾಹಿತ್ಯದ ಅತಿ ದಟ್ಟ ಸಾಲನ್ನು ಉಸಿರು ಕಟ್ಟದೆ ಹಾಡಲು ಆಗುತ್ತದೆಯೇ ನೋಡಬೇಕು. ಶ್ರುತಿಯ ಪರೀಕ್ಷೆ ಇನ್ನೂ ನಿಷ್ಠುರವಾಗಿರಬೇಕು. ಹಾಡಿನ ಅತಿ ಎತ್ತರದ ಸ್ವರವನ್ನು ಎರಡು ಗಂಟೆ ಹಾಡಿದ ಮೇಲೂ ಮುಟ್ಟಲು ಆಗುವ ಶ್ರುತಿ ಯಾವುದೋ ಅದೇ ಹಾಡಿನ ಶ್ರುತಿ. ಕಛೇರಿಯಲ್ಲಿ ಆ ಸ್ವರ ಒಮ್ಮೆ ಬಂದು ಹೋಗುತ್ತದೆ, ಸ್ಟುಡಿಯೋದಲ್ಲಿ ಅದನ್ನು ಹದಿನೈದು ಸಲ ಹಾಡಬೇಕಾಗಬಹುದು. ತಂಡ ಸಿದ್ಧವಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಒರೆಗಲ್ಲಿದೆ: ಗಾಯನವೇ ಇಲ್ಲದೆ, ಹೆಡ್‌ಫೋನಿನಲ್ಲಿ ತಾಳ ಹಾಕುವ ಕ್ಲಿಕ್ ಸದ್ದೊಂದನ್ನೇ ಕೇಳುತ್ತ, ಡ್ರಮ್ಸ್ ಮತ್ತು ಬೇಸ್ ಇಬ್ಬರೇ ಹಾಡನ್ನು ಮೊದಲಿಂದ ಕೊನೆವರೆಗೆ ಎಲ್ಲಿಯೂ ದಾರಿ ತಪ್ಪದೆ ನುಡಿಸಬೇಕು. ಹಾಡುವ ದನಿಯನ್ನು ಹಿಡಿದುಕೊಂಡು ನಡೆಯುವ ತಂಡ ಇಲ್ಲೇ ಎಡವುತ್ತದೆ.

ಕ್ಲಿಕ್ ಬೇಕೋ ಬೇಡವೋ ಎಂಬ ಜಗಳ ಹಳೆಯದು. ಕೀಬೋರ್ಡ್ ಪ್ರೋಗ್ರಾಮಿಂಗ್, ಲೂಪ್ (ಮತ್ತೆ ಮತ್ತೆ ಮರುಕಳಿಸುವ ಸಿದ್ಧ ತುಣುಕು), ಬೇರೆ ದಿನ ಬಂದು ನುಡಿಸುವ ಕಲಾವಿದರು ಇದ್ದರೆ ಬೇಕು. ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿ ಮುಗಿಸುವ ಹಾಡಾದರೆ ಕ್ಲಿಕ್ ಇಲ್ಲದೆಯೂ ಚೆನ್ನ, ಪಲ್ಲವಿಗೆ ಬಂದಾಗ ಲಯ ಕೂದಲೆಳೆಯಷ್ಟು ಮುಂದೆ ಹೋಗುವುದು ದೋಷವೇನಲ್ಲ. ನಡುದಾರಿಯೂ ಇದೆ: ಚರಣಕ್ಕೆ 92, ಪಲ್ಲವಿಗೆ 94 ಎಂದು ಟೆಂಪೋ ನಕ್ಷೆಯನ್ನು ಮನೆಯಲ್ಲೇ ಮಾಡಿ ಮಿಡಿ ಫೈಲ್ ಆಗಿ ಒಯ್ಯುವುದು. ಕ್ಲಿಕ್‌ಗೆ ತೀಕ್ಷ್ಣವಾದ ಬೀಪ್ ಸದ್ದು ಬೇಡ. ಅದು ಹೆಡ್‌ಫೋನಿನಿಂದ ಸೋರಿ ಗಾಯಕರ ಮೈಕಿಗೆ ಬೀಳುತ್ತದೆ, ಹಾಡು ನಿಂತು ಗಿಟಾರ್‌ನ ನಾದ ಕರಗುವ ಕೊನೆಯ ನಾಲ್ಕು ಸೆಕೆಂಡಿನಲ್ಲಿ ಟಕ್ ಟಕ್ ಎಂದು ಉಳಿದುಬಿಡುತ್ತದೆ. ಕೊನೆಯ ಬಾರಿನಲ್ಲಿ ಕ್ಲಿಕ್ ತಾನಾಗಿ ನಿಲ್ಲುವಂತೆ ಮೊದಲೇ ಹೊಂದಿಸಿಟ್ಟರೆ ಈ ಕಾಟವಿಲ್ಲ.

ಎಲ್ಲವನ್ನೂ ದೊಡ್ಡ ಸ್ಟುಡಿಯೋದಲ್ಲೇ ಮಾಡಬೇಕೆಂದಿಲ್ಲ. ಡ್ರಮ್ಸ್, ತಬಲ, ಪಿಯಾನೋ, ತಂತಿವಾದ್ಯಗಳ ಗುಂಪು, ಮುಖ್ಯ ದನಿ ಇವುಗಳಿಗೆ ಕೋಣೆ ಬೇಕು. ಸಿಂಥ್, ಪ್ರೋಗ್ರಾಮಿಂಗ್, ಬೇಸ್‌ಗಳಿಗೆ ಬೇಡ. ಎಲೆಕ್ಟ್ರಿಕ್ ಗಿಟಾರನ್ನು ಮನೆಯಲ್ಲಿ ಇಂಟರ್‌ಫೇಸ್‌ಗೆ (ವಾದ್ಯದ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆಗೆ) ನೇರ ಜೋಡಿಸಿ ಒಣ ಸದ್ದನ್ನಷ್ಟೇ ಹಿಡಿದುಕೊಂಡು, ಆಮೇಲೆ ಸ್ಟುಡಿಯೋದಲ್ಲಿ ಅದನ್ನೇ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಕಳಿಸಿ ಮೈಕ್ ಇಟ್ಟು ಮತ್ತೆ ಹಿಡಿಯಬಹುದು. ಇದಕ್ಕೆ ರೀಆಂಪಿಂಗ್ ಎನ್ನುತ್ತಾರೆ. ಹಾಗೆ ಜೋಡಿಸುವಾಗ ವಾದ್ಯಕ್ಕೆಂದೇ ಇರುವ ಇನ್‌ಪುಟ್ ಬಳಸಬೇಕು, ಅದರ ಇಂಪೀಡೆನ್ಸ್ (ವಿದ್ಯುತ್ ಸಂಕೇತಕ್ಕೆ ಒಡ್ಡುವ ತಡೆ) ಸುಮಾರು ಒಂದು ಮೆಗಾಓಮ್ ಇರುತ್ತದೆ. ಲೈನ್ ಇನ್‌ಪುಟ್‌ಗೆ ಸಿಕ್ಕಿಸಿದರೆ ಪಿಕಪ್‌ನ ಮೇಲಿನ ಹೊಳಪೆಲ್ಲ ಸತ್ತುಹೋಗುತ್ತದೆ. ಎಲ್ಲಕ್ಕಿಂತ ಮೊದಲು, ಮನೆಯ ಕೆಲಸಕ್ಕೂ ಸ್ಟುಡಿಯೋ ಕೆಲಸಕ್ಕೂ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದು ದಾಖಲಿಸುತ್ತದೆ ಎಂಬುದು) ಒಂದೇ ಇರುವಂತೆ ಒಪ್ಪಂದ ಮಾಡಿಕೊಳ್ಳಬೇಕು. 44.1 ಕಿಲೋಹರ್ಟ್ಜ್ ಫೈಲನ್ನು ಪರಿವರ್ತಿಸದೆ 48ರ ಪ್ರಾಜೆಕ್ಟಿಗೆ ಎಳೆದು ಹಾಕಿದರೆ ಹಾಡು ಓಡುತ್ತದೆ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ (ಅರ್ಧ ಸ್ವರ) ಏರುತ್ತದೆ.

ಬಹುತೇಕ ಆಲ್ಬಮ್‌ಗಳಿಗೆ 24 ಬಿಟ್, 48 ಕಿಲೋಹರ್ಟ್ಜ್ ಸಾಕು. 96ಕ್ಕೆ ಹೋದರೆ ಡಿಸ್ಕ್ ಮತ್ತು ಕಂಪ್ಯೂಟರಿನ ಹೊರೆ ಎರಡರಷ್ಟಾಗುತ್ತದೆ, ಕಿವಿಗೆ ಆಗುವ ಲಾಭ ಅತ್ಯಲ್ಪ. 24 ಬಿಟ್ ಮಾತ್ರ ಕಡ್ಡಾಯ. 16 ಬಿಟ್‌ನಲ್ಲಿ ಸದ್ದಿನ ಹರವು ಸುಮಾರು 96 ಡೆಸಿಬಲ್, 24ರಲ್ಲಿ ತಾತ್ವಿಕವಾಗಿ 144. ಹಾಗಾಗಿ ಮೀಟರನ್ನು ಕೆಂಪಿನ ಅಂಚಿಗೆ ತಳ್ಳುವ ಟೇಪ್ ಕಾಲದ ಅಭ್ಯಾಸಕ್ಕೆ ಈಗ ಅರ್ಥವಿಲ್ಲ. ಮೀಟರಿನ ತುದಿಯ ಸೊನ್ನೆಯಿಂದ ಕೆಳಗೆ ಸರಾಸರಿ −18 ಡೆಸಿಬಲ್, ಅತಿ ಜೋರಾದ ಪೆಟ್ಟು −10ರ ಆಸುಪಾಸು ಬಂದರೆ ಸಾಕು. ತಾಲೀಮಿನಲ್ಲಿ ತಗ್ಗಿ ನುಡಿಸಿದ ಡ್ರಮ್ಮರ್ ಕೆಂಪು ದೀಪ ಹತ್ತಿದ ಕೂಡಲೇ ಜೋರಾಗುತ್ತಾನೆ; ಆ ಜಾಗ ಅವನಿಗಾಗಿ ಬಿಟ್ಟಿರಬೇಕು. 24 ಬಿಟ್, 48ರಲ್ಲಿ ಒಂದು ಮೋನೋ (ಒಂದೇ ವಾಹಿನಿಯ) ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್ ತಿನ್ನುತ್ತದೆ. 24 ಟ್ರ್ಯಾಕಿನ ಐದು ನಿಮಿಷದ ಹಾಡು ಒಂದು ಗಿಗಾಬೈಟ್, ಐದು ಟೇಕ್ ಉಳಿಸಿಕೊಂಡರೆ ಐದು. ಪ್ರತಿ ದಿನ ಸ್ಟುಡಿಯೋ ಬಿಡುವ ಮುಂಚೆ ಪ್ರತಿಗಳು ಮೂರಾಗಬೇಕು: ಅವರ ಡಿಸ್ಕ್, ನಿಮ್ಮ ಡಿಸ್ಕ್, ಇನ್ನೊಂದು ಬೇರೆ ಕಟ್ಟಡದಲ್ಲೋ ಕ್ಲೌಡ್‌ನಲ್ಲೋ. ಕಳೆದುಹೋದ ಫೈಲನ್ನು ವಿಮೆಯಿಂದ ಮತ್ತೆ ನುಡಿಸಲು ಆಗುವುದಿಲ್ಲ.

ವಾದ್ಯಗಳ ಆರೋಗ್ಯದ ವಿಷಯ ಚಿಕ್ಕದು, ಆದರೆ ಹೊತ್ತು ನುಂಗುವುದು ಅದೇ. ಗಿಟಾರ್ ತಂತಿ ಹಿಂದಿನ ದಿನ ಬದಲಿಸಿ ಚೆನ್ನಾಗಿ ಎಳೆದಿರಬೇಕು, ಅದೇ ಬೆಳಿಗ್ಗೆ ಹಾಕಿದ ತಂತಿ ಮಧ್ಯಾಹ್ನದವರೆಗೂ ಇಳಿಯುತ್ತಲೇ ಇರುತ್ತದೆ. ಇಂಟೊನೇಷನ್ ತಪ್ಪಿದ ಗಿಟಾರ್‌ನಲ್ಲಿ ಬಿಡಿ ತಂತಿ ಶ್ರುತಿಗೆ ಕೂತರೂ ಹನ್ನೆರಡನೇ ಫ್ರೆಟ್ ಕೂರುವುದಿಲ್ಲ. ಅದನ್ನು ಮಿಕ್ಸ್‌ನಲ್ಲಿ ಯಾರೂ ಸರಿಮಾಡಲಾರರು. ಕೀರಲುವ ಕಿಕ್ ಪೆಡಲ್, ಕಿರ್ ಎನ್ನುವ ಕುರ್ಚಿ, ಬೇಸ್ ಸ್ವರಕ್ಕೆ ಸುಮ್ಮನೆ ಗುಂಯ್‌ಗುಡುವ ಸ್ನೇರ್ ತಂತಿ, ಸವೆದ ಕೇಬಲ್, ಅರ್ಧ ಸತ್ತ ಬ್ಯಾಟರಿ ಎಲ್ಲವನ್ನೂ ತಾಲೀಮಿನಲ್ಲೇ ಹಿಡಿಯಬಹುದು. ಚರ್ಮವಾದ್ಯಗಳು ಕೋಣೆಯ ತಂಪಿಗೂ ತೇವಕ್ಕೂ ಶ್ರುತಿ ಬದಲಿಸುತ್ತವೆ. ತಬಲವನ್ನು ತಂದ ಕೂಡಲೇ ಶ್ರುತಿ ಮಾಡಿ ರೆಕಾರ್ಡ್ ಒತ್ತುವುದಕ್ಕಿಂತ, ಅರ್ಧ ಗಂಟೆ ಆ ಕೋಣೆಯ ಹವೆಗೆ ಒಗ್ಗಲು ಬಿಟ್ಟು ಆಮೇಲೆ ಕೂರಿಸುವುದು ಜಾಣತನ. ಎಲ್ಲರೂ ಒಂದೇ ಟ್ಯೂನರ್‌ಗೆ, ಒಂದೇ ಆಧಾರಕ್ಕೆ ಹೊಂದಿಸಿಕೊಳ್ಳಬೇಕು. ಪಿಯಾನೋ 440ರಲ್ಲಿದ್ದು ಕೊಳಲು 442ರಲ್ಲಿದ್ದರೆ ಜಗಳ ಸಣ್ಣದೇ, ಆದರೆ ಹಾಡಿನುದ್ದಕ್ಕೂ ಇರುತ್ತದೆ.

ಮೈಕ್ ಇಡುವುದು ಎಂಜಿನಿಯರ್ ಕೆಲಸ, ನಿಜ. ಆದರೂ ದುಡ್ಡು ಹಾಕುವವರಿಗೆ ಅದರ ತರ್ಕ ಗೊತ್ತಿದ್ದರೆ ‘ಆಮೇಲೆ ಮಿಕ್ಸ್‌ನಲ್ಲಿ ನೋಡಿಕೊಳ್ಳೋಣ’ ಎಂಬ ಮಾತನ್ನು ಎಲ್ಲಿ ಒಪ್ಪಬಾರದು ಎಂದು ತಿಳಿಯುತ್ತದೆ. ಗಿಟಾರ್ ಆಂಪ್‌ನ ಜಾಲರಿಯಿಂದ ಮೂರು ನಾಲ್ಕು ಸೆಂಟಿಮೀಟರ್ ದೂರದಲ್ಲಿ ಒಂದು ಶ್ಯೂರ್ ಎಸ್‌ಎಂ57 ಮೈಕ್, ಸ್ಪೀಕರಿನ ನಡುವಿಗೆ ಹಿಡಿದರೆ ಸದ್ದು ಚೂಪು, ಅಂಚಿಗೆ ಸರಿಸಿದಂತೆ ಮೃದು. ನಾದದ ಮೇಲು ಕೆಳಗನ್ನು ಹೆಚ್ಚು ಕಡಿಮೆ ಮಾಡುವ ಈಕ್ಯೂ ಗುಂಡಿ ತಿರುಗಿಸುವುದಕ್ಕೆ ಮುಂಚೆ ಮೈಕನ್ನು ಎರಡು ಬೆರಳು ಸರಿಸಿ ನೋಡುವವರು ಒಳ್ಳೆಯ ಎಂಜಿನಿಯರ್. ಅಕೌಸ್ಟಿಕ್ ಗಿಟಾರ್‌ಗೆ ಹನ್ನೆರಡನೇ ಫ್ರೆಟ್‌ನತ್ತ ಮುಖ ಮಾಡಿ 20ರಿಂದ 30 ಸೆಂಟಿಮೀಟರ್ ದೂರ. ಗಿಟಾರ್ ಒಡಲಿನ ತೂತಿನ ಎದುರೇ ಇಟ್ಟರೆ ಗಾಳಿ ಗುಮ್ಮೆನ್ನುತ್ತದೆ. ಒಂದೇ ವಾದ್ಯಕ್ಕೆ ಎರಡು ಮೈಕ್ ಬಂದ ಕೂಡಲೇ ಫೇಸ್‌ನ ಪ್ರಶ್ನೆ, ಅಂದರೆ ಎರಡರ ಶಬ್ದತರಂಗಗಳೂ ಹೆಜ್ಜೆಗೆ ಹೆಜ್ಜೆ ಕೂಡುತ್ತವೆಯೇ ಎಂಬುದು, ಏಳುತ್ತದೆ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಚಲಿಸುತ್ತದೆ. ಎರಡು ಮೈಕ್‌ಗಳ ದೂರದಲ್ಲಿ 17 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಅರ್ಧ ಮಿಲಿಸೆಕೆಂಡ್ ತಡ, 1000 ಹರ್ಟ್ಜ್ ಸುತ್ತಲಿನ ನಾದವನ್ನು ಅವೆರಡೂ ಪರಸ್ಪರ ಹೊಡೆದುಹಾಕುತ್ತವೆ. ವಾದ್ಯ ಪೀಚಲಾಗಿ, ಟೊಳ್ಳಾಗಿ ಕೇಳುತ್ತದೆ. ಡ್ರಮ್ಸ್‌ನ ಮೇಲೆ ಎತ್ತರದಲ್ಲಿಡುವ ಎರಡು ಓವರ್‌ಹೆಡ್ ಮೈಕ್‌ಗಳನ್ನು ಸ್ನೇರ್‌ನ ನಡುವಿನಿಂದ ದಾರ ಹಿಡಿದು ಸಮದೂರಕ್ಕೆ ತರುವುದು ಇದಕ್ಕಾಗಿಯೇ. ಅಕ್ಕಪಕ್ಕ ಕೂತ ಇಬ್ಬರಿಗೆ ಮೈಕ್ ಇಡುವಾಗ, ಮೈಕ್‌ನಿಂದ ವಾದ್ಯಕ್ಕೆ ಎಷ್ಟು ದೂರವೋ ಮೈಕ್‌ನಿಂದ ಮೈಕ್‌ಗೆ ಅದರ ಮೂರರಷ್ಟು ದೂರ ಇರಲಿ ಎಂಬುದು ಕೈಗಂಟಿದ ನಿಯಮ. ಒಂದು ಬಟನ್ ಒತ್ತಿ ಒಂದು ಮೈಕ್‌ನ ಪೊಲಾರಿಟಿ ತಿರುವಿ (ತರಂಗವನ್ನು ತಲೆಕೆಳಗು ಮಾಡಿ), ಮೋನೋದಲ್ಲಿ ಕೇಳಿ, ಯಾವುದು ತುಂಬಿಕೊಂಡಂತೆ ಕೇಳುತ್ತದೋ ಅದನ್ನು ಉಳಿಸುವುದಕ್ಕೆ ಹತ್ತು ಸೆಕೆಂಡು ಸಾಕು. ಆ ಹತ್ತು ಸೆಕೆಂಡನ್ನು ಬಿಟ್ಟವರು ಮಿಕ್ಸ್‌ನಲ್ಲಿ ಒಂದು ದಿನ ಕಳೆಯುತ್ತಾರೆ.

ಟೇಕ್‌ಗಳ ವಿಷಯ. ಮೂರರಿಂದ ಐದು ಟೇಕ್‌ನೊಳಗೆ ಬರದ ಹಾಡು ಅವತ್ತು ಹದಿನೈದನೆಯದಕ್ಕೂ ಬರುವುದು ಅಪರೂಪ. ಆಗ ಬೇರೆ ಹಾಡಿಗೆ ಹೋಗಿ, ಸಂಜೆ ತಿರುಗಿ ಬರುವುದು ಉಳಿತಾಯ. ಪ್ರತಿ ಟೇಕ್ ನಡೆಯುವಾಗಲೇ ಒಬ್ಬರು ಕಾಗದ ಹಿಡಿದು ಬರೆಯುತ್ತಿರಬೇಕು: ಎರಡನೇ ಟೇಕ್, ಮೊದಲ ಚರಣ ಚೆನ್ನ; ನಾಲ್ಕನೆಯದು, ಕೊನೆಯ ಪಲ್ಲವಿ. ಈ ಚೀಟಿ ಇಲ್ಲದಿದ್ದರೆ ಆಮೇಲೆ ಎಲ್ಲ ಟೇಕ್‌ಗಳನ್ನು ಮೊದಲಿಂದ ಕೇಳಬೇಕು, ಅದೂ ಗಂಟೆಯ ದರದಲ್ಲೇ. ತಪ್ಪಿದ ಜಾಗಕ್ಕೆ ಪಂಚ್ ಮಾಡುವಾಗ, ಅಂದರೆ ಅದಷ್ಟನ್ನೇ ಮತ್ತೆ ಹಿಡಿಯುವಾಗ, ಎರಡು ಬಾರ್ ಹಿಂದಿನಿಂದಲೇ ನುಡಿಸುತ್ತಾ ಬರಬೇಕು. ಸರಿಯಾಗಿ ಆ ಸ್ವರದಿಂದಲೇ ಶುರುಮಾಡಿದರೆ ಹಿಂದಿನ ಸ್ವರದ ನಾದ ಕತ್ತರಿಸಿದ್ದು ಕೇಳುತ್ತದೆ, ಗಾಯನದಲ್ಲಾದರೆ ಉಸಿರು ಅರ್ಧಕ್ಕೆ ತುಂಡಾಗುತ್ತದೆ. ಮತ್ತೆ, ನಿರ್ಧಾರ ಒಬ್ಬರದ್ದಿರಲಿ. ನಿರ್ಮಾಪಕ ಎಂದು ಹೊರಗಿನವರೊಬ್ಬರನ್ನು ಇಟ್ಟುಕೊಳ್ಳಲು ಆಗದಿದ್ದರೆ ತಂಡದಲ್ಲೇ ಆ ಹಾಡಿನಲ್ಲಿ ನುಡಿಸದ ಒಬ್ಬರಿಗೆ ಆ ದಿನದ ಕೊನೆಯ ಮಾತು ಕೊಡಬಹುದು. ಕಂಟ್ರೋಲ್ ರೂಮಿನಲ್ಲಿ ಸೋಫಾ ತುಂಬಾ ಗೆಳೆಯರಿದ್ದರೆ ಅಭಿಪ್ರಾಯಗಳಿಗೆ ಬರವಿರುವುದಿಲ್ಲ. ಪುಕ್ಕಟೆ ಬಂದ ಆ ಅಭಿಪ್ರಾಯಗಳಷ್ಟು ದುಬಾರಿ ಇನ್ನೊಂದಿಲ್ಲ.

ಗಾಯನಕ್ಕೆ ಬರೋಣ. ಕೇಳುಗರು ಕೇಳುವುದು ಮುಖ್ಯವಾಗಿ ಇದನ್ನೇ, ಆದರೂ ಬಜೆಟ್‌ನ ಬಾಲಕ್ಕೆ ಕಟ್ಟಿಹಾಕುವುದೂ ಇದನ್ನೇ. ಎಲ್ಲರದ್ದೂ ಮುಗಿದು, ರಾತ್ರಿ ಒಂಬತ್ತಕ್ಕೆ, ಹಗಲಿಡೀ ಮಾತಾಡಿ ಕುಗ್ಗಿದ ಗಂಟಲಿನಲ್ಲಿ ಹಾಡಿದ ಮುಖ್ಯ ದನಿ ಆಲ್ಬಮ್‌ಗೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಒಂದು ದಿನದಲ್ಲಿ ಗಂಟಲು ನಿಜಕ್ಕೂ ಚೆನ್ನಾಗಿ ಕೊಡುವುದು ಎರಡರಿಂದ ಮೂರು ಗಂಟೆ. ಹಾಗಾಗಿ ಗಾಯನಕ್ಕೆ ಎರಡು ಪೂರ್ತಿ ದಿನ ಹಿಡಿಯುವುದಕ್ಕಿಂತ ಆರು ಅರ್ಧ ದಿನ ಹಿಡಿಯುವುದು ಒಳ್ಳೆಯದು, ಎತ್ತರದ ಹಾಡೊಂದು ಸೌಮ್ಯವಾದದ್ದೊಂದು ಎಂದು ಜೋಡಿ ಮಾಡಿಕೊಂಡು. ಸಹದನಿಗಳನ್ನು ಅದೇ ದಿನ, ಮುಖ್ಯ ದನಿ ಆದ ಕೂಡಲೇ ಹಾಡಿಸಬೇಕು. ಉಚ್ಚಾರದ ಉದ್ದಗಿಡ್ಡ, ಪದದ ಕೊನೆಯ ವ್ಯಂಜನ ಬೀಳುವ ಕ್ಷಣ ಆಗ ನೆನಪಿನಲ್ಲಿರುತ್ತದೆ.

ಹಾಡುವವರಿಂದ ಮೈಕಿಗೆ 15ರಿಂದ 20 ಸೆಂಟಿಮೀಟರ್, ನಡುವೆ ಉಸಿರಿನ ಗಾಳಿ ತಡೆಯುವ ಪಾಪ್ ಫಿಲ್ಟರ್. ಹತ್ತಿರ ಬಂದಷ್ಟೂ ಕೆಳಗಿನ ನಾದ ಉಬ್ಬುತ್ತದೆ. ಒಂದು ಸಾಲಿಗೆ ಮುಂದೆ ಬಾಗಿ ಇನ್ನೊಂದಕ್ಕೆ ಹಿಂದೆ ಸರಿದರೆ ಒಂದೇ ಚರಣದಲ್ಲಿ ಇಬ್ಬರು ಹಾಡಿದಂತೆ ಕೇಳುತ್ತದೆ. ನೆಲಕ್ಕೆ ಟೇಪ್ ಅಂಟಿಸಿ ಪಾದದ ಗುರುತು ಮಾಡುವುದು ಹಳೆಯ ಉಪಾಯ, ಈಗಲೂ ಅದಕ್ಕಿಂತ ಒಳ್ಳೆಯದು ಬಂದಿಲ್ಲ. ಸಕಾರ ಶಕಾರಗಳು ಚುಚ್ಚುತ್ತಿದ್ದರೆ ಮೈಕನ್ನು ಹತ್ತು ಹದಿನೈದು ಡಿಗ್ರಿ ಓರೆ ಮಾಡಿದರೆ ಕಡಿಮೆಯಾಗುತ್ತವೆ. ಸಾಹಿತ್ಯದ ಹಾಳೆ ಇಟ್ಟ ಲೋಹದ ಸ್ಟ್ಯಾಂಡಿನಿಂದ ದನಿ ತಿರುಗಿ ಮೈಕಿಗೆ ಬಡಿಯುತ್ತದೆ, ಮೇಲೊಂದು ದಪ್ಪ ಬಟ್ಟೆ ಹೊದಿಸಬೇಕು. ಉಸಿರು ಎಲ್ಲಿ ಎಂದು ಹಾಳೆಯಲ್ಲೇ ಗುರುತಿರಲಿ. ಚರಣದ ನಡುವೆ ಪುಟ ತಿರುಗಿಸುವಂತಿರಬಾರದು. ಬಳೆ, ಗಡಿಯಾರ, ಸರಬರ ಎನ್ನುವ ಜಾಕೆಟ್ ಹೊರಗಿರಲಿ. ಯಾವ ಮೈಕ್, ಮೈಕ್‌ನ ಸದ್ದನ್ನು ಹಿಗ್ಗಿಸುವ ಪ್ರೀಆಂಪ್‌ನ ಗೇನ್ (ಹಿಗ್ಗಿಸುವ ಮಟ್ಟ) ಎಷ್ಟು, ದೂರ ಎಷ್ಟು ಎಂಬುದನ್ನು ಫೋಟೋ ಸಮೇತ ಬರೆದಿಟ್ಟುಕೊಳ್ಳಬೇಕು. ಎರಡು ವಾರದ ನಂತರ ಒಂದು ಪದ ಬದಲಿಸಲು ಬಂದಾಗ ಆ ಒಂದು ಪದ ಬೇರೆ ಕೋಣೆಯಿಂದ ಬಂದಂತೆ ಕೇಳಬಾರದಲ್ಲ.

ಹೆಡ್‌ಫೋನಿನ ಮಿಕ್ಸ್‌ಗೆ ಹತ್ತು ನಿಮಿಷ ಕೊಟ್ಟರೆ ಶ್ರುತಿ ತಿದ್ದುವ ಎರಡು ಗಂಟೆ ಉಳಿಯುತ್ತದೆ. ಸ್ವಂತ ದನಿ ವಿಪರೀತ ಜೋರಾಗಿ ಕೇಳಿದರೆ ಹಾಡುವವರು ಅರಿವಿಲ್ಲದೆ ತಗ್ಗುತ್ತಾರೆ, ಸ್ವರವೂ ಸಾಮಾನ್ಯವಾಗಿ ಇಳಿಯುತ್ತದೆ. ಕೇಳದಿದ್ದರೆ ಒತ್ತುತ್ತಾರೆ, ಸ್ವರ ಏರುತ್ತದೆ. ಬೇಸ್ ಗಿಟಾರ್‌ಗಿಂತ ಸ್ಪಷ್ಟ ಸ್ವರವಿರುವ ಪಿಯಾನೋವನ್ನೋ ತಂಬೂರಿಯನ್ನೋ ಕಿವಿಗೆ ಹೆಚ್ಚು ಕೊಡಬೇಕು. ಒಂದು ಕಿವಿ ತೆರೆದಿಟ್ಟು ಹಾಡುವವರಿದ್ದರೆ ಆ ಬದಿಯ ಹೆಡ್‌ಫೋನನ್ನು ಮ್ಯೂಟ್ ಮಾಡಬೇಕು, ಇಲ್ಲದಿದ್ದರೆ ಅಲ್ಲಿಂದ ಇಡೀ ಬ್ಯಾಂಡ್ ಮೈಕಿಗೆ ಸೋರುತ್ತದೆ. ಕಂಪ್ಯೂಟರಿನ ತಡವನ್ನೂ ನೋಡಿಕೊಳ್ಳಬೇಕು. 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಸಂಸ್ಕರಿಸುವ ಸದ್ದಿನ ತುಂಡು) ಎಂದರೆ 2.7 ಮಿಲಿಸೆಕೆಂಡ್, 512 ಎಂದರೆ 10.7. 512ರಲ್ಲಿ ಹೋಗಿ ಬರುವ ಎರಡೂ ದಾರಿ ಸೇರಿದರೆ ಇಪ್ಪತ್ತನ್ನು ದಾಟುತ್ತದೆ, ಅಷ್ಟು ಸಾಕು ಲಯದಲ್ಲಿ ಹಿಂದೆ ಬೀಳಲು. ‘ಇವತ್ತು ಯಾಕೋ ಕೂರುತ್ತಿಲ್ಲ’ ಎಂದು ಗಾಯಕರು ತಮ್ಮನ್ನೇ ಬೈದುಕೊಳ್ಳುವಾಗ ಎಷ್ಟೋ ಸಲ ತಪ್ಪು ಬಫರ್‌ನದ್ದು.

ಆಮೇಲಿನ ಎಡಿಟಿಂಗ್ ಬಗ್ಗೆ ಒಂದೇ ಮಾತು: ಗ್ರಿಡ್‌ಗೆ (ಪರದೆಯ ಮೇಲಿನ ತಾಳದ ಗೆರೆಗಳಿಗೆ) ಎಲ್ಲವನ್ನೂ ಎಳೆದು ಕೂರಿಸುವ, ಪ್ರತಿ ಸ್ವರವನ್ನೂ ಗೆರೆಗೆ ತರುವ ಆಸೆಯನ್ನು ತಡೆದುಕೊಳ್ಳಬೇಕು. ಪರದೆಯನ್ನು ನೋಡಿ ತಿದ್ದಿದ್ದನ್ನು ಕಣ್ಣು ಮುಚ್ಚಿ ಕೇಳಿ ಒಪ್ಪಬೇಕು. ಗಮಕ, ಜಾರು ಇರುವ ಗಾಯನಕ್ಕೆ ತಾನೇ ತಾನಾಗಿ ಓಡುವ ಟ್ಯೂನಿಂಗ್ ಸಾಧನ ಹಚ್ಚಿದರೆ ಜಾರು ಮೆಟ್ಟಿಲಾಗಿಬಿಡುತ್ತದೆ.

ಮಿಕ್ಸ್ ಬೇರೆಯವರಿಗೆ ಕಳಿಸುವುದಾದರೆ ಪ್ರತಿ ಟ್ರ್ಯಾಕೂ ಹಾಡಿನ ಸೊನ್ನೆಯಿಂದಲೇ ಶುರುವಾಗುವ ಒಂದು ಪೂರ್ತಿ ವೇವ್ ಫೈಲ್ ಆಗಿರಬೇಕು, ಹೆಸರು ‘ಆಡಿಯೋ 37’ ಎಂದಿರದೆ ‘ಸ್ನೇರ್ ಮೇಲೆ’, ‘ಗಿಟಾರ್ ಎಡ’ ಎಂದಿರಬೇಕು. ಜೊತೆಗೆ ಟೆಂಪೋ, ಸಾಹಿತ್ಯ, ಕೈಯಲ್ಲಿರುವ ಒರಟು ಮಿಕ್ಸ್, ಮತ್ತು ಈ ತೆರನಾದ ಸದ್ದು ಬೇಕು ಎನ್ನಲು ಎರಡು ಮೂರು ಮಾದರಿ ಹಾಡು. ಎಷ್ಟು ಸಲ ತಿದ್ದಿಕೊಡುತ್ತಾರೆ ಎಂದು ಮೊದಲೇ ಕೇಳಬೇಕು, ಎರಡು ಅಥವಾ ಮೂರು ಸಾಮಾನ್ಯ. ತಂಡದ ಐವರೂ ಬೇರೆ ಬೇರೆ ಸಂದೇಶ ಕಳಿಸಿದರೆ ಆ ಮೂರು ಸುತ್ತು ಮೊದಲ ವಾರದಲ್ಲೇ ಮುಗಿಯುತ್ತದೆ. ಡ್ರಮ್ಮರ್‌ಗೆ ಡ್ರಮ್ಸ್ ಕಡಿಮೆ, ಗಿಟಾರ್‌ನವರಿಗೆ ಗಿಟಾರ್ ಕಡಿಮೆ, ಇದು ಲೋಕರೂಢಿ. ಎಲ್ಲರ ಮಾತನ್ನೂ ಒಬ್ಬರು ಸೋಸಿ, ‘2:14ರಲ್ಲಿ ಕೊಳಲು ದನಿಯನ್ನು ಮುಚ್ಚುತ್ತಿದೆ’ ಎಂಬಂತೆ ಕಾಲ ಸಮೇತ ಒಂದೇ ಪಟ್ಟಿ ಕಳಿಸಬೇಕು. ಹಳೆಯ ಮಿಕ್ಸ್ ಹೊಸದು ಎರಡನ್ನೂ ಹೋಲಿಸುವಾಗ ಜೋರು ಸಮ ಮಾಡಿಕೊಳ್ಳುವುದು ಮುಖ್ಯ. ಕಿವಿ ಎಲ್ಲ ಕಂಪನಾಂಕಗಳನ್ನೂ ಒಂದೇ ಸಮ ಕೇಳುವುದಿಲ್ಲ, ಸದ್ದು ಏರಿದಂತೆ ಕೆಳಗಿನ ನಾದ ತುಂಬಿ ಬರುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಬರೀ ಒಂದು ಡೆಸಿಬಲ್ ಜೋರಾದ ಮಿಕ್ಸ್ ‘ಉತ್ತಮ’ ಎನಿಸಿಬಿಡುತ್ತದೆ. ಫೋನಿನ ಸ್ಪೀಕರ್‌ನಲ್ಲಿ ಬೇಸ್‌ನ ಸ್ವರ ಸುಳಿವಾದರೂ ಸಿಗುತ್ತದೆಯೇ, ಮೋನೋದಲ್ಲಿ ಕೀಬೋರ್ಡ್ ಮಾಯವಾಗುತ್ತದೆಯೇ, ಪಕ್ಕದ ಕೋಣೆಯಿಂದ ಕೇಳಿದರೆ ಸಾಹಿತ್ಯ ತಿಳಿಯುತ್ತದೆಯೇ, ಇಷ್ಟನ್ನು ಒಂದು ರಾತ್ರಿ ಕಳೆದು ಬೆಳಿಗ್ಗೆ ನೋಡಬೇಕು.

ಮಾಸ್ಟರಿಂಗ್ ಮಿಕ್ಸ್ ಮಾಡಿದವರಲ್ಲದೆ ಬೇರೆಯವರು ಮಾಡಿದರೆ ಒಳ್ಳೆಯದು, ಹೊಸ ಕಿವಿಯೇ ಅದರ ಅರ್ಧ ಬೆಲೆ. ಕಳಿಸಬೇಕಾದದ್ದು 24 ಬಿಟ್ ಅಥವಾ 32 ಬಿಟ್ ಫ್ಲೋಟ್ ಫೈಲ್, ಸ್ಯಾಂಪಲ್ ರೇಟ್ ಬದಲಿಸದೆ, ಕೊನೆಯಲ್ಲಿ ಹಾಕಿದ್ದ ಲಿಮಿಟರ್ (ಜೋರಾದ ಪೆಟ್ಟುಗಳನ್ನು ಅದುಮಿ ಹಿಡಿಯುವ ಸಾಧನ) ತೆಗೆದು. ‘ಎಲ್ಲರಿಗಿಂತ ಜೋರಾಗಿರಲಿ’ ಎಂಬ ಬೇಡಿಕೆ ಈಗ ವ್ಯರ್ಥ. ಸ್ಪಾಟಿಫೈ, ಯೂಟ್ಯೂಬ್ ಸುಮಾರು −14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ), ಆಪಲ್ ಮ್ಯೂಸಿಕ್ ಸುಮಾರು −16ಕ್ಕೆ ಹಾಡುಗಳ ಜೋರನ್ನು ಸಮ ಮಾಡುತ್ತವೆ. −8ಕ್ಕೆ ಹಿಂಡಿ ಕಳಿಸಿದ ಹಾಡನ್ನು ಅವು ಆರರಿಂದ ಎಂಟು ಡೆಸಿಬಲ್ ತಗ್ಗಿಸಿ ಕೇಳಿಸುತ್ತವೆ. ಜೋರು ಹೋಯಿತು, ಹಿಂಡಿದ ಗಾಯ ಉಳಿಯಿತು. ಹಾಗೆಂದು −14ನ್ನೇ ಗುರಿ ಮಾಡಬೇಕಾಗಿಯೂ ಇಲ್ಲ, ಹಾಡಿಗೆ ಯಾವುದು ಹಿತವೋ ಅಲ್ಲಿಗೆ ನಿಲ್ಲಲಿ, ಟ್ರೂ ಪೀಕ್ (ತರಂಗದ ನಿಜವಾದ ಅತಿ ಎತ್ತರದ ತುದಿ) −1 ಡೆಸಿಬಲ್ ದಾಟದಿರಲಿ. ಹಾಡುಗಳ ಕ್ರಮ, ಅವುಗಳ ನಡುವಿನ ಮೌನ ಎಷ್ಟು ಸೆಕೆಂಡ್ ಎಂಬುದನ್ನು ಮಾಸ್ಟರಿಂಗ್‌ಗೆ ಮುಂಚೆಯೇ ಗಟ್ಟಿ ಮಾಡಿರಬೇಕು. ವಿನೈಲ್ ಆಸೆಯಿದ್ದರೆ ಹನ್ನೆರಡು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 20 ನಿಮಿಷಕ್ಕಿಂತ ಬಹಳ ಹೆಚ್ಚು ತುರುಕುವಂತಿಲ್ಲ, ಮತ್ತು ಒಳಸುತ್ತಿಗೆ ಬಂದಂತೆ ಸಕಾರಗಳು ಹರಕಲಾಗುವುದರಿಂದ ಮೃದುವಾದ ಹಾಡು ಮಗ್ಗುಲಿನ ಕೊನೆಗೆ ಬರಬೇಕು.

ಕಾಗದಪತ್ರವನ್ನು ಎಲ್ಲರೂ ಕೊನೆಗೆ ತಳ್ಳುತ್ತಾರೆ. ಒಂದು ಹಾಡಿಗೆ ಹಕ್ಕು ಎರಡು: ಸಾಹಿತ್ಯ ಮತ್ತು ರಾಗಸಂಯೋಜನೆಯದ್ದು ಒಂದು, ಈ ನಿರ್ದಿಷ್ಟ ಧ್ವನಿಮುದ್ರಣದ್ದು ಇನ್ನೊಂದು. ದುಡ್ಡು ಹಾಕಿದ ಮಾತ್ರಕ್ಕೆ ಎರಡೂ ತಾನಾಗಿ ನಿಮ್ಮದಾಗುವುದಿಲ್ಲ. ಯಾರು ಬರೆದರು, ಯಾರಿಗೆ ಶೇಕಡ ಎಷ್ಟು ಎಂಬ ಹಾಳೆಗೆ ಹಾಡು ರೆಕಾರ್ಡ್ ಆದ ವಾರದಲ್ಲೇ ಎಲ್ಲರ ಸಹಿ ಬೀಳಬೇಕು. ಹಾಡು ಗೆದ್ದ ಮೇಲೆ ನೆನಪುಗಳು ಬದಲಾಗುತ್ತವೆ. ಸಂಭಾವನೆ ಪಡೆದು ನುಡಿಸಿದ ಕಲಾವಿದರಿಂದ ಒಪ್ಪಿಗೆ ಪತ್ರ, ಸ್ಟುಡಿಯೋದವರಿಂದ ಎಲ್ಲ ಮೂಲ ಫೈಲ್‌ಗಳೂ ನಿಮ್ಮವೆಂಬ ಸಾಲು ಬೇಕು. ರಾಯಲ್ಟಿ ಇಲ್ಲದ ಲೂಪ್ ಎಂದು ಕೊಂಡು ಬಳಸಿದ್ದೇ ಸಾವಿರ ಜನರ ಹಾಡಿನಲ್ಲೂ ಇರುತ್ತದೆ, ಗುರುತು ಹಚ್ಚುವ ಯಂತ್ರ ನಿಮ್ಮ ಹಾಡನ್ನು ಇನ್ನೊಬ್ಬರದ್ದೆಂದು ಹಿಡಿಯಬಹುದು. ಲೂಪ್‌ನ ಪರವಾನಗಿ ರಸೀದಿ ಇಟ್ಟುಕೊಂಡಿರಬೇಕು. ಪ್ರತಿ ಧ್ವನಿಮುದ್ರಣಕ್ಕೂ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಎಂಬ ಗುರುತು ಸಂಖ್ಯೆ ಬೇಕು. ಅದೇ ಹಾಡಿನ ಲೈವ್ ರೂಪಕ್ಕೆ, ರೀಮಿಕ್ಸ್‌ಗೆ ಬೇರೆಯದು. ಹಾಡನ್ನು ಸ್ಟ್ರೀಮಿಂಗ್ ಸೇವೆಗಳಿಗೆ ತಲುಪಿಸುವ ವಿತರಕರಿಗೆ ಬಿಡುಗಡೆಗೆ ಮೂರು ನಾಲ್ಕು ವಾರ ಮೊದಲು ಕಳಿಸಬೇಕು. ಸ್ಪಾಟಿಫೈನ ಸಂಪಾದಕರಿಗೆ ಹಾಡು ತೋರಿಸಲು ಕನಿಷ್ಠ ಏಳು ದಿನ ಮುಂಚೆ ಅದು ಅಲ್ಲಿ ಕೂತಿರಬೇಕು. 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಲ್ಪಡದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿಯೇ ಇಲ್ಲ. ಹಾಕಿದ ದುಡ್ಡು ಸ್ಟ್ರೀಮಿಂಗ್‌ನಿಂದ ಮರಳುತ್ತದೆ ಎಂದು ಬಜೆಟ್ ಬರೆಯುವವರು ಈ ಸಂಖ್ಯೆಯನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಗೆ ಸ್ಟುಡಿಯೋದಿಂದ ಕೈಗೆ ತೆಗೆದುಕೊಳ್ಳಬೇಕಾದದ್ದು ಮಾಸ್ಟರ್ ಫೈಲ್ ಮಾತ್ರವಲ್ಲ. ಮಿಕ್ಸ್ ಆಗುತ್ತಿದ್ದಂತೆಯೇ ಅದೇ ಕೂಟದಲ್ಲಿ ಗಾಯನವಿಲ್ಲದ ಪ್ರತಿ, ಗಾಯನ ಮಾತ್ರದ ಪ್ರತಿ, ದನಿ ಒಂದು ಡೆಸಿಬಲ್ ಹೆಚ್ಚಿರುವ ಪ್ರತಿ, ಮತ್ತು ಡ್ರಮ್ಸ್, ಬೇಸ್, ಗಿಟಾರ್, ಕೀಬೋರ್ಡ್, ದನಿ ಎಂದು ಬೇರೆ ಬೇರೆ ಸ್ಟೆಮ್‌ಗಳನ್ನು ಹೊರತೆಗೆಸಿಕೊಳ್ಳಬೇಕು. ಆಗ ಹಾಡಿಗೆ ಅರ್ಧ ಗಂಟೆಯ ಕೆಲಸ. ಐದು ವರ್ಷ ಬಿಟ್ಟು ಯಾರೋ ಸಿನಿಮಾಕ್ಕೋ ಜಾಹೀರಾತಿಗೋ ಗಾಯನವಿಲ್ಲದ ಪ್ರತಿ ಕೇಳಿದಾಗ ಹಳೆಯ ಪ್ರಾಜೆಕ್ಟ್ ತೆರೆಯುವುದಿಲ್ಲ, ತೆರೆದರೂ ಪ್ಲಗಿನ್‌ಗಳು ಇರುವುದಿಲ್ಲ. ವೇವ್ ಫೈಲ್ ಯಾವ ಕಂಪ್ಯೂಟರಿನಲ್ಲಿಯೂ ತೆರೆಯುತ್ತದೆ. ಡಿಸ್ಕನ್ನು ವರ್ಷಕ್ಕೊಮ್ಮೆ ಸಿಕ್ಕಿಸಿ, ಯಾವುದಾದರೂ ಎರಡು ಫೈಲನ್ನು ಪೂರ್ತಿ ನುಡಿಸಿ ನೋಡಿ, ಹಳತಾಗಿದ್ದರೆ ಹೊಸ ಡಿಸ್ಕಿಗೆ ದಾಟಿಸಬೇಕು.